ಗಾಡಿಯ ಓಟ, ನಂಬರಿನ ಓಟ

1911ರ ಡಿಸೆಂಬರ್ 21ರ ಬೆಳಿಗ್ಗೆ. ಪ್ಯಾರಿಸ್ಸಿನ ಒರ್ದನೆ ಬೀದಿಯಲ್ಲಿ ಬ್ಯಾಂಕಿನ ನೌಕರನೊಬ್ಬ ಹಣದ ಚೀಲ ಹಿಡಿದು ಶಾಖೆಯ ಕಡೆ ನಡೆದು ಬರುತ್ತಿದ್ದ. ರಸ್ತೆಬದಿಗೆ ಒಂದು ಭಾರಿ ಕಾರು ಕಾದು ನಿಂತಿತ್ತು. ಅದರಿಂದ ಇಳಿದವರು ಅವನಿಗೆ ಗುಂಡು ಹೊಡೆದು ಚೀಲ ಕಿತ್ತುಕೊಂಡರು, ಮತ್ತೆ ಕಾರು ಹತ್ತಿದರು, ಹೋದರು. ಕಾರು ದಲೋನೆ–ಬೆಲ್‌ವಿಲ್ ಕಂಪನಿಯದು, ಆ ಕಾಲದ ಸಿರಿವಂತರ ಬಂಡಿ. ವಾರದ ಹಿಂದಷ್ಟೇ ನಗರದ ಹೊರವಲಯದ ಶ್ರೀಮಂತರೊಬ್ಬರ ಮನೆಯಿಂದ ಕದ್ದದ್ದು. ಬೆನ್ನಟ್ಟೋಣವೆಂದರೆ ಬೀದಿಯ ಪೊಲೀಸರ ಬಳಿ ಇದ್ದದ್ದು ಸೈಕಲ್ಲು, ಕುದುರೆ, ತಮ್ಮ ಎರಡು ಕಾಲು. ಕಾರು ಕೊನೆಗೆ ಸಿಕ್ಕಿದ್ದು ನೂರೈವತ್ತು ಕಿಲೋಮೀಟರಿಗೂ ಆಚೆ, ದಿಯೆಪ್ ಎಂಬ ಕಡಲತೀರದ ಊರಿನಲ್ಲಿ. ಒಳಗೆ ಯಾರೂ ಇರಲಿಲ್ಲ.

ಜೂಲ್ ಬೊನೊ ಎಂಬವನ ಈ ತಂಡದಿಂದಲೇ ದರೋಡೆ ಮಾಡಿ ಕಾರಿನಲ್ಲಿ ಪರಾರಿಯಾಗುವ ವಿದ್ಯೆ ಲೋಕಕ್ಕೆ ಬಂತು ಎನ್ನುವುದುಂಟು. ನನಗೆ ಈ ಕತೆಯಲ್ಲಿ ಹಿಡಿಸುವುದು ಬೊನೊ ಅಲ್ಲ, ಆಗ ಪ್ಯಾರಿಸ್ಸಿನ ಪೊಲೀಸ್ ಮುಖ್ಯಸ್ಥನಾಗಿದ್ದ ಲುಯಿ ಲೆಪಿನ್. ಹದಿನೆಂಟು ವರ್ಷ ಮೊದಲು, 1893ರ ಆಗಸ್ಟ್ 14ರಂದು, ಮೋಟಾರು ಬಂಡಿಗಳಿಗೆ ಮಾಲೀಕನ ಹೆಸರು, ವಿಳಾಸ ಮತ್ತು ನಂಬರು ಬರೆದ ಲೋಹದ ಫಲಕವಿರಬೇಕು, ಅದನ್ನು ಎಂದೂ ಮರೆಮಾಡಕೂಡದು ಎಂದು ಆಜ್ಞೆ ಹೊರಡಿಸಿದವನು ಇವನೇ. ನಂಬರ್ ಪ್ಲೇಟ್ ಲೋಕಕ್ಕೆ ಬಂದದ್ದು ಹೀಗೆ. ಅದನ್ನು ತಂದವನ ಕಣ್ಣೆದುರಿಗೇ ಅದು ಕೆಲಸಕ್ಕೆ ಬಾರದೆ ಹೋಯಿತು. ಯಾಕೆಂದರೆ ನಂಬರನ್ನು ಬರೆದಿಟ್ಟುಕೊಂಡರೆ ಸಾಲದು. ಕಳುವಾದ ಬಂಡಿಯ ನಂಬರು ಬಂಡಿಗಿಂತ ಮೊದಲು ಮುಂದಿನ ಊರು ಮುಟ್ಟಬೇಕು. 1911ರಲ್ಲಿ ಬಂಡಿ ಎಂಜಿನಿನ ಮೇಲೆ ಓಡುತ್ತಿತ್ತು, ನಂಬರು ಕಾಗದದ ಮೇಲೆ ತೆವಳುತ್ತಿತ್ತು. ಮುಂದಿನ ನೂರು ವರ್ಷ ಪೊಲೀಸರು ಮಾಡಿದ್ದೆಲ್ಲ ಒಂದು ರೀತಿಯಲ್ಲಿ ಆ ನಂಬರಿಗೆ ಕಾಲು ಕೊಡುವ ಕೆಲಸ.

ಅಮೆರಿಕದಲ್ಲಿ ಕಾಲಿಗಿಂತ ಮೊದಲು ಕಾನೂನು ಬಂತು. ಫೋರ್ಡ್ ಕಂಪನಿಯ ಮಾಡೆಲ್ ಟಿ ಕಾರು ರೈತನ ಅಂಗಳಕ್ಕೂ ಬಂದ ಮೇಲೆ ಕಳ್ಳರಿಗೆ ಸುಗ್ಗಿ. ಒಂದು ರಾಜ್ಯದಲ್ಲಿ ಕದ್ದು ಗಡಿ ದಾಟಿದರೆ ಹಿಂದಿನ ರಾಜ್ಯದ ಪೊಲೀಸರ ಅಧಿಕಾರ ಅಲ್ಲಿಗೆ ಮುಗಿಯುತ್ತಿತ್ತು. 1919ರಲ್ಲಿ ಸೇಂಟ್ ಲೂಯಿಯ ಸಂಸದ ಲಿಯೊನಿಡಸ್ ಡೈಯರ್ ತಂದ ಕಾಯ್ದೆ, ಕದ್ದ ಗಾಡಿಯನ್ನು ರಾಜ್ಯದ ಗಡಿ ದಾಟಿಸುವುದನ್ನು ಕೇಂದ್ರದ ಅಪರಾಧವಾಗಿಸಿತು. ಈ ಒಣ ಕಾಯ್ದೆಯ ರುಚಿ ಗೊತ್ತಾದದ್ದು 1934ರ ಮಾರ್ಚ್ 3ರಂದು. ಬ್ಯಾಂಕ್ ದರೋಡೆಗೆ ಹೆಸರಾದ ಜಾನ್ ಡಿಲಿಂಜರ್ ಇಂಡಿಯಾನಾದ ಕ್ರೌನ್ ಪಾಯಿಂಟ್ ಜೈಲಿನಿಂದ ತಪ್ಪಿಸಿಕೊಂಡ, ಅದೂ ಅಲ್ಲಿನ ಶೆರಿಫ್ ಲಿಲಿಯನ್ ಹಾಲಿಯವರ ಫೋರ್ಡ್ ಕಾರನ್ನೇ ಹತ್ತಿ. ಹತ್ತಿದವನು ನೆಟ್ಟಗೆ ಇಲಿನಾಯ್ ರಾಜ್ಯಕ್ಕೆ ಹೋದ. ಅಲ್ಲಿಯವರೆಗೆ ಅವನನ್ನು ಹಿಡಿಯುವ ಅಧಿಕಾರ ಎಫ್‌ಬಿಐ ಮೂಲಸಂಸ್ಥೆಗೆ ಇರಲಿಲ್ಲ, ಬ್ಯಾಂಕ್ ದರೋಡೆ ಆಗಿನ್ನೂ ರಾಜ್ಯಗಳ ವಿಷಯ. ಕದ್ದ ಕಾರಿನ ಚಕ್ರ ಗಡಿಗೆರೆ ದಾಟಿದ ಕ್ಷಣಕ್ಕೆ ಅಧಿಕಾರ ಸಿಕ್ಕಿತು. ಆ ಜುಲೈಯಲ್ಲಿ ಷಿಕಾಗೋದ ಒಂದು ಚಿತ್ರಮಂದಿರದ ಹೊರಗೆ ಅವನ ಕತೆ ಮುಗಿಯಿತು.

ನಂಬರಿಗೆ ನಿಜವಾಗಿ ಕಾಲು ಬಂದದ್ದು, ಸಹಜವಾಗಿಯೇ, ಕಾರುಗಳ ತವರಾದ ಡೆಟ್ರಾಯ್ಟಿನಲ್ಲಿ. 1922ರಲ್ಲಿ ಅಲ್ಲಿನ ಪೊಲೀಸರು ಕೆಒಪಿ ಎಂಬ ರೇಡಿಯೊ ಕೇಂದ್ರ ತೆರೆದರು. ಕಳುವಾದ ಕಾರುಗಳ ನಂಬರನ್ನು ಗಸ್ತಿನ ಕಾರುಗಳಿಗೆ ಕೇಳಿಸುವುದು ಆಸೆ. ಪೊಲೀಸರಿಗೇ ಮೀಸಲಾದ ರೇಡಿಯೊ ಪರವಾನಗಿ ಎಂಬುದು ಆಗ ಇರಲಿಲ್ಲವಾದ್ದರಿಂದ ಕೇಂದ್ರಕ್ಕೆ ಸಿಕ್ಕಿದ್ದು ಮನರಂಜನೆಯ ಪರವಾನಗಿ. ಹಾಗಾಗಿ ಕದ್ದ ಕಾರಿನ ವಿವರದ ನಡುನಡುವೆ ಸಂಗೀತವನ್ನೂ ಕೇಳಿಸಬೇಕಿತ್ತು. ಕಳ್ಳನ ಸುದ್ದಿ ಹೇಳುವ ಮುನ್ನ ಪಿಟೀಲು ನುಡಿಸಬೇಕೇ ಎಂದು ಪೊಲೀಸ್ ಕಮಿಷನರ್ ವಿಲಿಯಂ ರಟ್ಲೆಜ್ ಸಿಡಿಮಿಡಿಗೊಂಡಿದ್ದರಂತೆ. ಸರ್ಕಾರಿ ನಿಯಮಗಳಿಗೆ ತಮಾಷೆಯ ಪ್ರಜ್ಞೆ ಇಲ್ಲವೆಂದು ಯಾರು ಹೇಳಿದರು?

ಪರವಾನಗಿಗಿಂತ ದೊಡ್ಡ ತೊಡಕು ಗಸ್ತಿನ ಕಾರಿನೊಳಗಿತ್ತು. ರಸ್ತೆಯ ಕುಲುಕಾಟಕ್ಕೆ ಆ ಕಾಲದ ಸೂಕ್ಷ್ಮ ರೇಡಿಯೊ ಕೆಟ್ಟು ಕೂರುತ್ತಿತ್ತು. ಕೆನೆತ್ ಕಾಕ್ಸ್ ಎಂಬ ಪೊಲೀಸ್, ರಾಬರ್ಟ್ ಬ್ಯಾಟ್ಸ್ ಎಂಬ ಎಂಜಿನಿಯರಿಂಗ್ ವಿದ್ಯಾರ್ಥಿ ಇಬ್ಬರೂ ಸೇರಿ ಕುಲುಕಿದರೂ ಬಾಯಿ ಮುಚ್ಚದ ರೇಡಿಯೊ ಮಾಡಿದರು, 1928ರ ಏಪ್ರಿಲ್ 7ರಿಂದ ಅದು ನಿತ್ಯದ ಸೇವೆಗೆ ಬಂತು. ಮಾತು ಒಂದೇ ಕಡೆಯಿಂದ, ಠಾಣೆ ಹೇಳುತ್ತದೆ, ಕಾರಿನವರು ಕೇಳುತ್ತಾರೆ. ಉತ್ತರ ಕೊಡಬೇಕೆಂದರೆ ಕಾರು ನಿಲ್ಲಿಸಿ ಫೋನು ಹುಡುಕಬೇಕು. ಅಷ್ಟಿದ್ದರೂ ನಂಬರು ಮೊದಲ ಸಲ ಬಂಡಿಯನ್ನು ಹಿಂದೆ ಹಾಕಿತ್ತು.

ಆದರೆ ನಗರದೊಳಗೆ ಮಾತ್ರ. ಅದರಾಚೆ ಮುಂದಿನ ಮೂರುನಾಲ್ಕು ದಶಕ ಪೊಲೀಸರ ಆಸರೆ, ಪಾಳಿ ಆರಂಭವಾಗುವಾಗ ಕೈಗೆ ಕೊಡುತ್ತಿದ್ದ ಕಳವಾದ ಗಾಡಿಗಳ ಪಟ್ಟಿ. ಅಚ್ಚಾಗಿ ಕೈಸೇರುವಷ್ಟರಲ್ಲಿ ಪಟ್ಟಿ ಹಳಸಿರುತ್ತಿತ್ತು. ಸಾವಿರ ನಂಬರುಗಳಲ್ಲಿ ಎದುರಿಗೆ ಹೋದ ಒಂದನ್ನು ಹುಡುಕಲು ಅಷ್ಟಾವಧಾನಿಯೇ ಬೇಕು. 1967ರ ಜನವರಿ 27ರಂದು ಎಫ್‌ಬಿಐ ತನ್ನ ಎನ್‌ಸಿಐಸಿ ಕಂಪ್ಯೂಟರ್ ಜಾಲವನ್ನು ಆರಂಭಿಸಿದಾಗ ಅದರಲ್ಲಿದ್ದದ್ದು ಐದು ಕಡತ. ಅವುಗಳಲ್ಲಿ ಎರಡು ಕಳವಾದ ಕಾರುಗಳಿಗೂ ಕಳವಾದ ನಂಬರ್ ಪ್ಲೇಟುಗಳಿಗೂ ಮೀಸಲು. ಅದೇ ಮೇ ತಿಂಗಳು ನ್ಯೂಯಾರ್ಕಿನ ಪೊಲೀಸನೊಬ್ಬ, ನಿಂತಿದ್ದ ಕಾರೊಂದರ ಮೇಲೆ ಅನುಮಾನ ಬಂದು ವೈರ್‌ಲೆಸ್ಸಿನಲ್ಲಿ ನಂಬರು ಹೇಳಿದ. 90 ಸೆಕೆಂಡಿನಲ್ಲಿ ಉತ್ತರ ಬಂತು: ಒಂದು ತಿಂಗಳ ಹಿಂದೆ ಬಾಸ್ಟನ್‌ನಲ್ಲಿ ಕದ್ದದ್ದು. ಯಂತ್ರ ಕೆಲಸ ಮಾಡುತ್ತದೆ ಎಂದು ಆತ ಕೂಗಿಬಿಟ್ಟನೆಂದು ಎಫ್‌ಬಿಐ ಇಂದಿಗೂ ಹೇಳಿಕೊಳ್ಳುತ್ತದೆ. ಬ್ರಿಟನ್ನಿನ ಪೊಲೀಸ್ ಕಂಪ್ಯೂಟರ್ 1974ರಲ್ಲಿ ಕಣ್ಣು ಬಿಟ್ಟಾಗ ಅದಕ್ಕೆ ತಿನ್ನಿಸಿದ ಮೊದಲ ತುತ್ತೂ ಕಳುವಾದ ವಾಹನಗಳ ಪಟ್ಟಿಯೇ. ಕೊಲೆಗಾರ, ಡಕಾಯಿತ ಎಲ್ಲ ಬಿಟ್ಟು ಕಾರಿಗೇಕೆ ಮೊದಲ ಮಣೆ? ಕೊಲೆಗಾರನ ಬೆನ್ನ ಮೇಲೆ ನಂಬರು ಇರುವುದಿಲ್ಲ.

ಈ ನಡುವೆ, ಕಂಪ್ಯೂಟರಿನ ಗೊಡವೆಯೇ ಇಲ್ಲದ ಎರಡು ಸಂಗತಿಗಳು ಪಶ್ಚಿಮ ಜರ್ಮನಿಯಲ್ಲಿ ನಡೆದವು. 1960ರ ದಶಕದ ಆರಂಭದಲ್ಲಿ ಅಲ್ಲಿ ಹೊಸದು, ಹಳೆಯದು ಎನ್ನದೆ ಎಲ್ಲ ಕಾರುಗಳಿಗೂ ಸ್ಟೀರಿಂಗ್ ಲಾಕ್ ಕಡ್ಡಾಯವಾಯಿತು. ಕಳವು ಇಳಿಯಿತು, ಇಳಿದದ್ದು ಬಹುಕಾಲ ಇಳಿದೇ ಇತ್ತು. ಬ್ರಿಟನ್ 1971ರಲ್ಲಿ ಅದೇ ಮಾಡಿತು, ಆದರೆ ಹೊಸ ಕಾರುಗಳಿಗೆ ಮಾತ್ರ. ಕಳ್ಳರು ತಲೆ ಕೆಡಿಸಿಕೊಳ್ಳಲಿಲ್ಲ, ಪಕ್ಕದಲ್ಲಿ ನಿಂತಿದ್ದ ಹಳೇ ಕಾರಿನ ಕಡೆ ತಿರುಗಿದರು. ಇನ್ನೊಂದು ಸಂಗತಿ ಇದಕ್ಕಿಂತ ಸೊಗಸು. 1980ರಲ್ಲಿ ಜರ್ಮನಿ ಹೆಲ್ಮೆಟ್ ಇಲ್ಲದ ಬೈಕ್ ಸವಾರರಿಗೆ ಸ್ಥಳದಲ್ಲೇ ದಂಡ ಹಾಕತೊಡಗಿತು. ಉದ್ದೇಶ ತಲೆ ಉಳಿಸುವುದು. ಆ ವರ್ಷ ಒಂದೂವರೆ ಲಕ್ಷದಷ್ಟಿದ್ದ ಬೈಕ್ ಕಳವು 1986ರ ಹೊತ್ತಿಗೆ ಸುಮಾರು 54 ಸಾವಿರಕ್ಕೆ ಬಂದಿತ್ತು. ಕಾರಣ ಸರಳ: ಬೈಕ್ ಕಂಡೊಡನೆ ಆಸೆಯಾಗಿ ಹತ್ತಿಕೊಂಡು ಹೋಗುವವನ ಕೈಯಲ್ಲಿ ಆ ಹೊತ್ತಿಗೆ ಹೆಲ್ಮೆಟ್ ಇರುವುದಿಲ್ಲ, ಬರಿದಲೆಯಲ್ಲಿ ಹೊರಟರೆ ಮುಂದಿನ ವೃತ್ತದಲ್ಲೇ ಪೊಲೀಸ್ ಕೈ ಅಡ್ಡ ಬರುತ್ತದೆ. ಕಳವು ತಡೆಯುವ ಅತ್ಯುತ್ತಮ ಉಪಕರಣವನ್ನು ಯಾರೂ ಕಳವಿಗಾಗಿ ಕಂಡುಹಿಡಿದಿರಲಿಲ್ಲ.

ನಂಬರು ಹೀಗೆ ವೇಗ ಪಡೆದದ್ದೇ ತಡ, ಕಳ್ಳರಿಗೆ ಹೊಸ ಬುದ್ಧಿ ಬಂತು. ಬಂಡಿಯನ್ನು ಓಡಿಸುವ ಬದಲು ನಂಬರನ್ನೇ ಬದಲಿಸಿದರಾಯಿತು. ಗುಜರಿಗೆ ಬಂದ ಅಪಘಾತದ ಗಾಡಿಯ ದಾಖಲೆ ಕೊಂಡು, ಕದ್ದ ಗಾಡಿಗೆ ಆ ನಂಬರು ಹಾಕುವುದು. ಚಾಸಿಯ ಮೇಲಿನ ಅಂಕಿ ಉಜ್ಜಿ ಬೇರೆ ಅಚ್ಚೊತ್ತುವುದು. ಇಲ್ಲಿ ಪೊಲೀಸರ ನೆರವಿಗೆ ಬಂದದ್ದು ಲೋಹದ ನೆನಪು. ಉಕ್ಕಿನ ಮೇಲೆ ಅಂಕಿಯನ್ನು ಕುಟ್ಟಿದಾಗ ಕಣ್ಣಿಗೆ ಕಾಣುವ ಗೆರೆಯ ಕೆಳಗೂ ಉಕ್ಕಿನ ಹರಳುಗಳು ನಲುಗಿರುತ್ತವೆ. ಮೇಲಿನದನ್ನು ಅರದಿಂದ ಉಜ್ಜಿ ಕನ್ನಡಿಯಂತೆ ಮಾಡಿದರೂ ಕೆಳಗಿನ ನಲುಗು ಉಳಿಯುತ್ತದೆ. ತಾಮ್ರದ ಕ್ಲೋರೈಡು ಬೆರೆತ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಹತ್ತಿ ಅದ್ದಿ ಸವರುತ್ತ ಹೋದರೆ ನಲುಗಿದ ಲೋಹವೂ ನಲುಗದ ಲೋಹವೂ ಬೇರೆ ಬೇರೆ ವೇಗದಲ್ಲಿ ಕರಗುತ್ತವೆ, ಅಳಿಸಿದ ಅಂಕಿ ನೆರಳಿನಂತೆ ಮೂಡುತ್ತದೆ. ಕೆಲವು ಸಲ ಕೆಲವೇ ಕ್ಷಣ ಮೂಡಿ ಮತ್ತೆ ಮುಳುಗುತ್ತದೆ, ಅಷ್ಟರಲ್ಲಿ ಫೋಟೊ ತೆಗೆದುಕೊಳ್ಳಬೇಕು. ನಮ್ಮ ವಿಧಿವಿಜ್ಞಾನ ಪ್ರಯೋಗಾಲಯಗಳಲ್ಲೂ ನಡೆಯುವುದು ಇದೇ ವಿಧಾನ. ಆರ್‌ಟಿಒ ಕಚೇರಿಯ ಮುಂದೆ ಚಾಸಿ ನಂಬರಿನ ಮೇಲೆ ಕಾಗದ ಇಟ್ಟು ಪೆನ್ಸಿಲಿನಿಂದ ಉಜ್ಜಿ ಅಚ್ಚು ತೆಗೆಯುವುದನ್ನು ನೋಡಿದವರಿಗೆ, ಇದು ಅದೇ ಕೆಲಸದ ಅಣ್ಣ ಎನಿಸಬಹುದು.

ಚಾಸಿ ನಂಬರಿಗೆ ಲೋಕವೆಲ್ಲ ಒಂದೇ ವ್ಯಾಕರಣ ಬಂದದ್ದು ಆಮೇಲೆ. ಅಮೆರಿಕದಲ್ಲಿ 1981ರ ಮಾದರಿಗಳಿಂದ 17 ಅಕ್ಷರಾಂಕಿಗಳ ಗುರುತು ಕಡ್ಡಾಯವಾಯಿತು. ಅದರಲ್ಲಿ ಐ, ಓ, ಕ್ಯೂ ಎಂಬ ಇಂಗ್ಲಿಷ್ ಅಕ್ಷರಗಳಿಲ್ಲ, ಒಂದು, ಸೊನ್ನೆಗಳೊಂದಿಗೆ ಕಲಸಿಹೋಗಬಾರದೆಂದು. ಒಂಬತ್ತನೆಯ ಸ್ಥಾನದಲ್ಲಿ ಕಾವಲು ಅಂಕಿಯೊಂದಿದೆ, ಉಳಿದವುಗಳ ಮೇಲೆ ಲೆಕ್ಕ ಹಾಕಿದರೆ ಅದೇ ಬರಬೇಕು. ಮನಸ್ಸಿಗೆ ಬಂದ ಅಂಕಿ ಕುಟ್ಟುವ ಕಳ್ಳ ಇಲ್ಲಿ ಗಣಿತದಲ್ಲಿ ಸಿಕ್ಕಿಬೀಳುತ್ತಾನೆ.

ಈ ಗುರುತು ಏನು ಮಾಡಬಲ್ಲದೆಂಬುದಕ್ಕೆ 1993ರ ಎರಡು ವಾರ ಸಾಕು. ಫೆಬ್ರುವರಿ 26ರಂದು ನ್ಯೂಯಾರ್ಕಿನ ವರ್ಲ್ಡ್ ಟ್ರೇಡ್ ಸೆಂಟರಿನ ನೆಲಮಾಳಿಗೆಯಲ್ಲಿ ಬಾಂಬು ಸಿಡಿಯಿತು. ಅವಶೇಷದಲ್ಲಿ ಸಿಕ್ಕ ವ್ಯಾನಿನ ತಿರುಚಿದ ಲೋಹದ ತುಂಡಿನ ಮೇಲೆ ಗುರುತಿನ ಸಂಖ್ಯೆ ಇತ್ತು. ಅದು ಬಾಡಿಗೆ ಕಂಪನಿಯದು. ಬಾಡಿಗೆ ಪಡೆದಿದ್ದ ಮೊಹಮ್ಮದ್ ಸಲಾಮೆ ವ್ಯಾನು ಕಳುವಾಗಿದೆ ಎಂದು ದೂರನ್ನೂ ಕೊಟ್ಟಿದ್ದ! ಅಷ್ಟಕ್ಕೇ ನಿಲ್ಲದೆ ಮುಂಗಡವಾಗಿ ಕೊಟ್ಟಿದ್ದ 400 ಡಾಲರ್ ವಾಪಸು ಕೇಳಲು ಬಂದ, ಮಾರ್ಚ್ 4ರಂದು ಸಿಕ್ಕಿಬಿದ್ದ. ಎಂಟು ದಿನ ಕಳೆದು, ಮಾರ್ಚ್ 12ರಂದು, ಬೊಂಬಾಯಿಯಲ್ಲಿ ಸರಣಿ ಸ್ಫೋಟ. ವರ್ಳಿಯಲ್ಲಿ ಬಿಟ್ಟುಹೋಗಿದ್ದ ಮಾರುತಿ ವ್ಯಾನಿನಲ್ಲಿ ಬಂದೂಕುಗಳಿದ್ದವು. ನೋಂದಣಿ ದಾಖಲೆ ತೆಗೆಸಿದರೆ ಅದು ಮುಂದೆ ಆರೋಪಿಗಳಾದ ಮೆಮನ್ ಕುಟುಂಬದ ಮನೆಗೆ ದಾರಿ ತೋರಿಸಿತು. ಜಗತ್ತಿನ ಎರಡು ತುದಿಗಳಲ್ಲಿ, ಎರಡು ದೊಡ್ಡ ತನಿಖೆಗಳ ಮೊದಲ ನೂಲಿನೆಳೆ ಸಿಕ್ಕಿದ್ದು ಒಂದೊಂದು ವ್ಯಾನಿನ ನಂಬರಿನಲ್ಲಿ.

ಈಗ ಬ್ರಿಟನ್ನಿಗೆ ಮರಳೋಣ. ಕಂಪ್ಯೂಟರಿಗೆ ಉತ್ತರ ಗೊತ್ತಿತ್ತು, ಪ್ರಶ್ನೆ ಕೇಳಲು ಮಾತ್ರ ಇನ್ನೂ ಒಬ್ಬ ಮನುಷ್ಯ ನಂಬರು ಓದಬೇಕಿತ್ತು. 1976ರಲ್ಲಿ ಅಲ್ಲಿನ ಪೊಲೀಸ್ ವೈಜ್ಞಾನಿಕ ಅಭಿವೃದ್ಧಿ ಶಾಖೆ ಓದುವ ಕೆಲಸವನ್ನೂ ಕ್ಯಾಮೆರಾಗೇ ವಹಿಸುವ ಯೋಜನೆ ಕೈಗೆತ್ತಿಕೊಂಡಿತು. ಎ1 ಹೆದ್ದಾರಿಯಲ್ಲಿ, ಥೇಮ್ಸ್ ನದಿಯಡಿಯ ಡಾರ್ಟ್‌ಫರ್ಡ್ ಸುರಂಗದಲ್ಲಿ ಪ್ರಯೋಗಗಳು ನಡೆದವು. ಚಿತ್ರದಲ್ಲಿ ಫಲಕ ಎಲ್ಲಿದೆ ಎಂದು ಹುಡುಕಬೇಕು, ಓರೆಯಾಗಿದ್ದರೆ ನೇರ ಮಾಡಬೇಕು, ಅಕ್ಷರಗಳನ್ನು ಬಿಡಿಸಿ ಒಂದೊಂದಾಗಿ ಗುರುತಿಸಬೇಕು, ಪಟ್ಟಿಯೊಂದಿಗೆ ತಾಳೆ ನೋಡಬೇಕು. ಇದಿಷ್ಟೂ ಆ ಗಾಡಿ ಕಣ್ಮರೆಯಾಗುವ ಮೊದಲು. 1981ರಲ್ಲಿ ಹೀಗೆ ಕ್ಯಾಮೆರಾ ಗುರುತಿಸಿದ ಕದ್ದ ಕಾರಿನಿಂದ ಮೊದಲ ಬಂಧನ ನಡೆಯಿತು. ಲೆಪಿನ್ನನ ಫಲಕಕ್ಕೆ ತಕ್ಕ ಓದುಗ ಸಿಕ್ಕಲು 88 ವರ್ಷ ಹಿಡಿದಿತ್ತು.

ಆದರೆ ಈ ಓದುಗ ಬಹುಕಾಲ ತೀರಾ ದುಬಾರಿಯಾಗಿದ್ದ. ಊರೆಲ್ಲ ಹರಡಲು ಕಾರಣವಾದದ್ದು ಕಾರು ಕಳ್ಳರಲ್ಲ, ಐರ್ಲೆಂಡಿನ ಸಶಸ್ತ್ರ ಸಂಘಟನೆ ಐಆರ್‌ಎಯ ಬಾಂಬುಗಳು. 1993ರ ಏಪ್ರಿಲಿನ ಬಿಷಪ್ಸ್‌ಗೇಟ್ ಸ್ಫೋಟದ ನಂತರ ಲಂಡನ್ನಿನ ಹಣಕಾಸು ಕೇಂದ್ರದ ಸುತ್ತ ತಪಾಸಣೆಯ ಬಳೆ ಕಟ್ಟಿದರು, ಕೆಲ ವರ್ಷಗಳಲ್ಲಿ ನಂಬರು ಓದುವ ಕ್ಯಾಮೆರಾಗಳು ಅದಕ್ಕೆ ಸೇರಿದವು. ಕದ್ದ ಕಾರು ಹುಡುಕಲೆಂದು ಹುಟ್ಟಿದ ಯಂತ್ರ ಹೀಗೆ ಎಲ್ಲರ ಕಾರನ್ನೂ ಬರೆದಿಟ್ಟುಕೊಳ್ಳುವ ಯಂತ್ರವಾಯಿತು. ಈ ಮಾತನ್ನು ಪೊಲೀಸರು ಮೆಲುದನಿಯಲ್ಲಿ ಹೇಳುತ್ತಾರೆ, ಖಾಸಗಿತನದ ಪರ ವಾದಿಸುವವರು ಗಟ್ಟಿಯಾಗಿ. ನನ್ನ ಕಿವಿಗೆ ಎರಡನೆಯವರ ಮಾತೇ ಹೆಚ್ಚು ತಾಕುತ್ತದೆ.

ಅಮೆರಿಕದ ಮ್ಯಾಸಚೂಸೆಟ್ಸಿನಲ್ಲಿ ಬೇರೆಯೇ ಆಲೋಚನೆ ಹೊಳೆದಿತ್ತು. ಗಾಡಿಯೇ ಕೂಗಿ ತಾನೆಲ್ಲಿದ್ದೇನೆಂದು ಹೇಳುವುದಾದರೆ? ಮೆಡ್‌ಫೀಲ್ಡ್ ಎಂಬ ಪುಟ್ಟ ಊರಿನ ಪೊಲೀಸ್ ವ್ಯವಸ್ಥೆಯ ಹೊಣೆ ಹೊತ್ತಿದ್ದ ವಿಲಿಯಂ ರೀಗನ್ ಕಂಡುಹಿಡಿದ ಲೋಜ್ಯಾಕ್ 1986ರಲ್ಲಿ ಬಳಕೆಗೆ ಬಂತು. ಕಾರಿನ ಯಾವುದೋ ಮೂಲೆಯಲ್ಲಿ ಅಡಗಿಸಿದ ಪುಟ್ಟ ಪೆಟ್ಟಿಗೆ. ದೂರು ದಾಖಲಾಗುವವರೆಗೆ ಅದು ಮೌನಿ. ದಾಖಲಾದೊಡನೆ ರೇಡಿಯೊ ಸಂಕೇತವೊಂದು ಅದನ್ನು ಎಬ್ಬಿಸುತ್ತಿತ್ತು, ಪೊಲೀಸ್ ಕಾರುಗಳಲ್ಲಿನ ಗ್ರಾಹಕ ಯಂತ್ರ ದಿಕ್ಕು ತೋರಿಸುತ್ತಿತ್ತು. ಕಾರಿನ ಗಾಜಿನ ಮೇಲೆ ಇದರ ಸ್ಟಿಕ್ಕರ್ ಇರುತ್ತಿರಲಿಲ್ಲ, ಗುಟ್ಟು ಇದ್ದದ್ದೇ ಅಲ್ಲಿ. ಯಾವ ಕಾರಿನಲ್ಲಿ ಪೆಟ್ಟಿಗೆ ಇದೆಯೆಂದು ಕಳ್ಳನಿಗೆ ತಿಳಿಯದ್ದರಿಂದ, ಕೊಂಡವನ ಖರ್ಚಿನಲ್ಲಿ ಕೊಳ್ಳದ ನೆರೆಯವನ ಕಾರೂ ಬಚಾವಾಗುತ್ತಿತ್ತು. ಸಂಶೋಧಕರಾದ ಇಯಾನ್ ಐರ್ಸ್ ಮತ್ತು ಸ್ಟೀವನ್ ಲೆವಿಟ್ 1998ರಲ್ಲಿ ಇದನ್ನು ಲೆಕ್ಕ ಹಾಕಿ ತೋರಿಸಿದರು. ಇನ್ನೊಂದು ಲಾಭವೂ ಇತ್ತು: ಸಂಕೇತದ ಜಾಡು ಹಿಡಿದು ಹೋದ ಪೊಲೀಸರು ಕೆಲವೊಮ್ಮೆ ತಲುಪುತ್ತಿದ್ದದ್ದು ಗಾಡಿ ಬಿಚ್ಚಿ ಬಿಡಿಭಾಗ ಮಾರುವ ಗ್ಯಾರೇಜಿಗೇ.

ಇಷ್ಟಾದರೂ 1990ರ ದಶಕದ ಆರಂಭದಲ್ಲಿ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ವರ್ಷಕ್ಕೆ ಆರು ಲಕ್ಷದ ಹತ್ತಿರ ವಾಹನಗಳು ಕಳುವಾಗುತ್ತಿದ್ದವು. ಮೋಜಿಗಾಗಿ ಕದ್ದು ಓಡಿಸುವ ಹುಡುಗರ ಹಾವಳಿ ಎಷ್ಟಿತ್ತೆಂದರೆ 1992ರಲ್ಲಿ ಅದಕ್ಕಾಗಿಯೇ ಬೇರೆ ಕಾಯ್ದೆ ಮಾಡಬೇಕಾಯಿತು. ಅದೇ ವರ್ಷ ಅಲ್ಲಿನ ಗೃಹ ಇಲಾಖೆ, ಯಾವ ಮಾದರಿಯ ಕಾರು ಹೆಚ್ಚು ಕಳುವಾಗುತ್ತದೆಂಬ ಸೂಚ್ಯಂಕ ಪ್ರಕಟಿಸಿ ತಯಾರಕರ ಮಾನ ಹರಾಜಿಗಿಟ್ಟಿತು. 1998ರ ಅಕ್ಟೋಬರಿನಿಂದ ಯುರೋಪಿನ ಎಲ್ಲ ಹೊಸ ಕಾರುಗಳಿಗೂ ಎಲೆಕ್ಟ್ರಾನಿಕ್ ಇಮೊಬಿಲೈಸರ್ ಕಡ್ಡಾಯ. ಕೀಲಿಯ ತಲೆಯಲ್ಲಿ ಬ್ಯಾಟರಿಯಿಲ್ಲದ ಒಂದು ಚಿಪ್. ಕೀಲಿ ತೂರಿಸುವ ಕಿಂಡಿಯ ಸುತ್ತಲಿನ ಸುರುಳಿಯಿಂದಲೇ ಅದಕ್ಕೆ ವಿದ್ಯುತ್ತು. ಕಾರು ಒಂದು ಪ್ರಶ್ನೆ ಕೇಳುತ್ತದೆ, ಚಿಪ್ ಗುಪ್ತ ಲೆಕ್ಕ ಮಾಡಿ ಉತ್ತರಿಸುತ್ತದೆ, ತಪ್ಪಿದರೆ ಎಂಜಿನ್ ಕದಲುವುದಿಲ್ಲ. ನೆದರ್ಲೆಂಡ್ಸಿನಲ್ಲಿ ನಡೆದ ಅಧ್ಯಯನವೊಂದು, ಇದರಿಂದ ಒಟ್ಟಾರೆ ಕಾರು ಕಳವು ಶೇ 40ರಷ್ಟು ತಗ್ಗಿತು ಎಂದು ಅಂದಾಜಿಸಿತು. 2010ರ ದಶಕದ ನಡುವಿಗೆ ಇಂಗ್ಲೆಂಡ್, ವೇಲ್ಸ್‌ನ ಸಂಖ್ಯೆ ಒಂದು ಲಕ್ಷದ ಕೆಳಗಿಳಿದಿತ್ತು. ಪೊಲೀಸರ ನೂರು ವರ್ಷದ ಬೆನ್ನಟ್ಟುವಿಕೆಗಿಂತ ಕಾರ್ಖಾನೆಯ ಈ ಚಿಪ್ಪೇ ಹೆಚ್ಚು ಕಳ್ಳರನ್ನು ಮನೆಗೆ ಕಳಿಸಿತೆಂದರೆ ಪೊಲೀಸರು ಬೇಸರಿಸಿಕೊಳ್ಳಬಾರದು.

ಚಿಪ್ಪಿಗೂ ಬೀಗ ಮುರಿಯುವವರು ಬಂದರು, ಈ ಸಲ ವಿಶ್ವವಿದ್ಯಾಲಯಗಳಿಂದ. 2005ರಲ್ಲಿ ಜಾನ್ಸ್ ಹಾಪ್ಕಿನ್ಸ್‌ನ ಸಂಶೋಧಕರು ಒಂದು ಬಗೆಯ ಚಿಪ್ಪಿನ ಗುಪ್ತ ಲೆಕ್ಕವನ್ನು ಬಿಡಿಸಿದರು. 2013ರಲ್ಲಿ ಮೆಗಾಮೋಸ್ ಎಂಬ ಇನ್ನೊಂದರ ದೋಷ ತೋರಿಸುವ ಪ್ರಬಂಧಕ್ಕೆ ಫೋಕ್ಸ್‌ವಾಗನ್ ಕಂಪನಿ ಲಂಡನ್ನಿನಲ್ಲಿ ತಡೆಯಾಜ್ಞೆ ತಂದಿತು. ಎರಡು ವರ್ಷ ಕಳೆದು ಒಂದೇ ಒಂದು ವಾಕ್ಯ ತೆಗೆದು ಪ್ರಬಂಧ ಅಚ್ಚಾಯಿತು. ಕೀಲಿ ಜೇಬಿನಲ್ಲಿದ್ದರೆ ಸಾಕು, ಬಾಗಿಲು ತೆರೆಯುತ್ತದೆ ಎಂಬ ಸುಖ ಬಂದ ಮೇಲೆ ಮನೆಯೊಳಗಿನ ಕೀಲಿಯ ಸಂಕೇತವನ್ನು ಹೊರಗೆ ನಿಂತ ಕಾರಿನವರೆಗೆ ಸಾಗಿಸುವ ಇಬ್ಬರು ಕಳ್ಳರ ಜೋಡಿಯಾಟ ಶುರುವಾಯಿತು. ಚಿಪ್ ಇಲ್ಲದಿದ್ದರೆ ಏನಾಗುತ್ತದೆಂಬುದನ್ನು ಮತ್ತೆ ನೆನಪಿಸಿದ್ದು ಅಮೆರಿಕ. ಅಲ್ಲಿ ಅದು ಕಡ್ಡಾಯವಾಗಿರಲಿಲ್ಲ. 2015ರ ಮಾದರಿಗಳಲ್ಲಿ ಇತರ ಕಂಪನಿಗಳ ಶೇ 96ರಷ್ಟಕ್ಕೆ ಇಮೊಬಿಲೈಸರ್ ಇದ್ದರೆ ಕಿಯಾ, ಹ್ಯುಂಡೈಗಳಲ್ಲಿ ಇದ್ದದ್ದು ಶೇ 26ಕ್ಕೆ. 2021ರ ಹೊತ್ತಿಗೆ ಮಿಲ್ವಾಕಿಯ ಹುಡುಗರು ಯುಎಸ್‌ಬಿ ವೈರಿನ ತುದಿಯಿಂದಲೇ ಅವನ್ನು ಚಾಲೂ ಮಾಡುವ ವಿಡಿಯೊ ಹರಿಬಿಟ್ಟರು, ದೇಶದ ಪೊಲೀಸರ ನಿದ್ದೆ ಕೆಟ್ಟಿತು.

ನಮ್ಮಲ್ಲಿ ಕಳವಿನ ಲೆಕ್ಕದ ದೊಡ್ಡ ಪಾಲು ದ್ವಿಚಕ್ರ ವಾಹನಗಳದು. ಅವುಗಳಲ್ಲಿ ಬಹುಪಾಲಿಗೆ ಚಿಪ್ಪೂ ಇಲ್ಲ, ಗಿಪ್ಪೂ ಇಲ್ಲ. ಹ್ಯಾಂಡಲ್ ಲಾಕಿಗೆ ಬಲವಾಗಿ ಒದ್ದು ಮುರಿದು, ಎರಡು ವೈರು ಕೂಡಿಸಿದರೆ ಗಾಡಿ ಹೊರಟಿತು. ಹೀಗಾಗಿ ಇಲ್ಲಿ ಎಲ್ಲ ಭಾರವೂ ಮತ್ತೆ ನಂಬರಿನ ಮೇಲೆಯೇ. 1986ರಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊ ಕಳುವಾದ ಗಾಡಿಗಳನ್ನು ಸಿಕ್ಕ ಗಾಡಿಗಳೊಂದಿಗೆ ತಾಳೆ ಹಾಕುವ ವಾಹನ ಸಮನ್ವಯ ವ್ಯವಸ್ಥೆ ನಡೆಸುತ್ತದೆ. ಹಳೇ ಗಾಡಿ ಕೊಳ್ಳುವವರು ಅದರಲ್ಲಿ ಒಮ್ಮೆ ಇಣುಕಿ ನೋಡಬಹುದು. ಅತಿ ಸುರಕ್ಷಿತ ನೋಂದಣಿ ಫಲಕ, ಅಂದರೆ ಎಚ್‌ಎಸ್‌ಆರ್‌ಪಿ, ನಿಯಮದ ಪುಸ್ತಕ ಸೇರಿದ್ದು 2001ರಲ್ಲಿ. 2004ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಮತ್ತೆ ಏಳೆಂಟು ವರ್ಷದ ಮೇಲೆ ಎಂ.ಎಸ್. ಬಿಟ್ಟಾ ಹೂಡಿದ ಮೊಕದ್ದಮೆಯಲ್ಲಿ, ಜಾರಿ ಮಾಡದ ರಾಜ್ಯಗಳನ್ನು ಅದೇ ಕೋರ್ಟು ತರಾಟೆಗೆ ತೆಗೆದುಕೊಳ್ಳಬೇಕಾಯಿತು. 2019ರ ಏಪ್ರಿಲ್ 1ರಿಂದ ಹೊಸ ಗಾಡಿಗಳಿಗೆ ಕಂಪನಿಯಿಂದಲೇ ಬಂತು. ಕರ್ನಾಟಕದಲ್ಲಿ ಅದಕ್ಕಿಂತ ಹಳೆಯ ಗಾಡಿಗಳಿಗೂ ಬೇಕೆಂದು 2023ರ ಆಗಸ್ಟಿನಲ್ಲಿ ಆದೇಶವಾಯಿತು. ಕೊನೆಯ ದಿನ ನವೆಂಬರ್ 17 ಎಂದರು. ಆ ಕೊನೆಯ ದಿನ ಆಮೇಲೆ ಎಷ್ಟು ಸಲ ಮುಂದೆ ಹೋಯಿತೆಂದು ಲೆಕ್ಕ ಇಡುವುದನ್ನೇ ಜನ ಬಿಟ್ಟರು.

ಫಲಕವನ್ನು ಹತ್ತಿರದಿಂದ ನೋಡಿದರೆ ಮೇಲಿನ ಇಡೀ ಚರಿತ್ರೆ ಅದರಲ್ಲಿ ಮಡಚಿ ಇಟ್ಟಂತಿದೆ. ಅಲ್ಯೂಮಿನಿಯಮ್ಮಿನಲ್ಲಿ ಉಬ್ಬಿದ ಅಂಕಿಗಳು, ಕ್ಯಾಮೆರಾ ಓದಲೆಂದು. ಎಡ ಮೂಲೆಯಲ್ಲಿ ಅಶೋಕ ಚಕ್ರದ ಹೊಲೊಗ್ರಾಂ, ಕೆಳಗೆ ಲೇಸರಿನಲ್ಲಿ ಕೊರೆದ ಹತ್ತು ಸ್ಥಾನಗಳ ಗುರುತು, ನಕಲು ಮಾಡುವವನಿಗೆ ತೊಡಕಾಗಲೆಂದು. ಒಮ್ಮೆ ಕೂಡಿಸಿದರೆ ಮುರಿಯದೆ ಬಿಚ್ಚಲಾಗದ ಸ್ನ್ಯಾಪ್ ಲಾಕ್, ಕಿತ್ತು ಬೇರೆ ಗಾಡಿಗೆ ಹಾಕದಿರಲೆಂದು. ಹಾಗಿದ್ದೂ ಬೀದಿಬದಿಯಲ್ಲಿ ಹಳೇ ಬಗೆಯ ಫಲಕ ಬರೆದುಕೊಡುವ ಅಂಗಡಿಗಳು ಬಾಗಿಲು ಹಾಕಿಲ್ಲ, ಅಲ್ಲಿ ಯಾವ ನಂಬರು ಹೇಳಿದರೂ ಬರೆಯುತ್ತಾರೆ.

ಬೆಂಗಳೂರಿನ ವೃತ್ತಗಳಲ್ಲೂ ಈಗ ನಂಬರು ಓದುವ ಕ್ಯಾಮೆರಾಗಳಿವೆ. ತಾವು ಹೋಗದ ರಸ್ತೆಯಲ್ಲಿ, ತಾವು ಮುರಿಯದ ಸಿಗ್ನಲ್ಲಿಗೆ ದಂಡದ ನೋಟಿಸು ಬಂದವರು ಮೊಬೈಲಿನಲ್ಲಿ ಫೋಟೊ ಹಿಗ್ಗಿಸಿ ನೋಡುತ್ತಾರೆ. ಸ್ಕೂಟರಿನ ಬಣ್ಣ ಬೇರೆ, ಹಿಂದೆ ಕೂತಿರುವವರು ಯಾರೋ ಏನೋ, ತಲೆಯ ಮೇಲೆ ಹೆಲ್ಮೆಟ್ ಇಲ್ಲ. ನಂಬರು ಮಾತ್ರ ತಮ್ಮದೇ.